ಅಡ್ವಾನ್ಸ್‌ಗೆ ಮೊದಲು ಸಾಮಾನಿನ ಪಟ್ಟಿ: ಕಟ್ಟಿದ ಮನೆ ಕೊಳ್ಳುವಾಗ ಯಾವುದು ಉಳಿಯಬೇಕು, ಯಾವುದು ಹೋಗಬೇಕು

ಕೀ ಕೈಗೆ ಬಂದ ದಿನ ಸಂಜೆ ನಾನೂ ನನ್ನ ಹೆಂಡತಿಯೂ ಮಹಡಿ ಹತ್ತಿದೆವು. ಸೋಲಾರ್ ಇದ್ದ ಜಾಗದಲ್ಲಿ ನಾಲ್ಕು ಬೋಲ್ಟಿನ ತೂತು, ಕತ್ತರಿಸಿದ ಎರಡು ಪೈಪು ಮಾತ್ರ ಇದ್ದವು. ಪೈಪಿನ ಬಾಯಿಗೆ ಪ್ಲಾಸ್ಟಿಕ್ ಕವರ್ ಸುತ್ತಿದ್ದರು. ಮನೆ ನೋಡಲು ಮೂರು ಸಲ ಹೋದಾಗಲೂ ಆ ಸೋಲಾರ್ ಅಲ್ಲೇ ಇತ್ತು. ‘ಬಿಸಿನೀರಿಗೆ ಏನೂ ಯೋಚನೆ ಇಲ್ಲ’ ಎಂದು ಮನೆಯವರೇ ತೋರಿಸಿದ್ದರು. ಫೋನ್ ಮಾಡಿದೆ. ‘ಅದು ನಮ್ಮ ಮಗ ಹಾಕಿಸಿಕೊಟ್ಟಿದ್ದು ಸಾರ್, ಹೊಸ ಮನೆಗೆ ತಗೊಂಡು ಬಂದ್ವಿ. ನೀವು ಅದರ ಬಗ್ಗೆ ಏನೂ ಕೇಳಲಿಲ್ವಲ್ಲ’ ಅಂದರು. ಅವರ ಮಾತಿನಲ್ಲಿ ಮೋಸ ಇರಲಿಲ್ಲ. ನಾನು ನಿಜವಾಗಿಯೂ ಕೇಳಿರಲಿಲ್ಲ.

ತುಮಕೂರಿನ ಕುವೆಂಪುನಗರದಲ್ಲಿ ಆ ಮನೆ ಕೊಂಡ ಮೇಲೆ, ತಂಗಿಗೆ ಎಸ್‌ಐಟಿ ಬಡಾವಣೆಯಲ್ಲಿ ಮನೆ ನೋಡಲು ಓಡಾಡಿದೆ. ಆಮೇಲೆ ಸ್ನೇಹಿತರೊಬ್ಬರಿಗೆ ಕ್ಯಾತಸಂದ್ರದಲ್ಲಿ. ಮೂರು ಕಡೆಯೂ ಕಂಡಿದ್ದು ಒಂದೇ. ಕೊಳ್ಳುವವರಿಗೆ ‘ಮನೆ’ ಅಂದರೆ ತಾವು ಕಣ್ಣಾರೆ ನೋಡಿದ್ದೆಲ್ಲ. ಮಾರುವವರಿಗೆ ‘ಮನೆ’ ಅಂದರೆ ಗೋಡೆ, ಸೂರು, ಸೈಟು. ಫ್ಯಾನು, ಚಿಮಣಿ, ಮೋಟರು, ತೂಗುಮಂಚ ಎಲ್ಲ ಅವರು ಒಂದೊಂದಾಗಿ ದುಡ್ಡು ಕೊಟ್ಟು ತಂದಿದ್ದು. ಜಗಳ ಆಗುವುದು ಇಲ್ಲೇ. ಲಕ್ಷಗಟ್ಟಲೆ ಬೆಲೆಯನ್ನು ನಗುನಗುತ್ತಾ ಮುಗಿಸಿದವರು ಒಂದು ಸ್ಟಾರ್ಟರ್ ಬೋರ್ಡಿಗೆ ಮಾತು ಬಿಟ್ಟಿದ್ದನ್ನು ನೋಡಿದ್ದೇನೆ.

ಇದನ್ನು ತಪ್ಪಿಸಲು ಸಾಧ್ಯ. ಅಡ್ವಾನ್ಸ್ ಕೊಡುವ ಮೊದಲು ಕೂತು ಮಾತಾಡಬೇಕು, ಮಾತಾಡಿದ್ದನ್ನು ಬರೆಯಬೇಕು. ಹೇಗೆ ಅನ್ನುವುದನ್ನು ಹಂತ ಹಂತವಾಗಿ ಹೇಳುತ್ತೇನೆ.

ಮೊದಲು ಕಾನೂನು ಎಷ್ಟು ದೂರ ಬರುತ್ತದೆ ಅಂತ ತಿಳಿಯಿರಿ

1882ರ ಆಸ್ತಿ ವರ್ಗಾವಣೆ ಕಾಯ್ದೆಯ 8ನೇ ಸೆಕ್ಷನ್ ಈ ವಿಷಯದಲ್ಲಿ ನಮಗೆ ಬೇಕಾದದ್ದು. ಬೇರೆ ಮಾತು ಆಗಿಲ್ಲದಿದ್ದರೆ, ಮನೆ ಮಾರಿದಾಗ ಅದರ ಬೀಗ, ಬೀಗದ ಕೈ, ಸರಳು, ಬಾಗಿಲು, ಕಿಟಕಿ, ಮತ್ತೆ ಮನೆಯ ಜೊತೆ ಕಾಯಂ ಬಳಕೆಗೆ ಅಂತ ಇಟ್ಟ ಎಲ್ಲವೂ ಕೊಂಡವರಿಗೆ ಸೇರುತ್ತವೆ. ಅದೇ ಕಾಯ್ದೆಯ 3ನೇ ಸೆಕ್ಷನ್ ‘ನೆಲಕ್ಕೆ ಸೇರಿದ್ದು’ ಅಂದರೇನು ಅಂತ ಹೇಳುತ್ತದೆ. ಬೇರು ಬಿಟ್ಟ ಗಿಡ ಮರ, ನೆಲದಲ್ಲಿ ಹೂತು ನಿಂತ ಗೋಡೆ ಕಟ್ಟಡ, ಆ ಕಟ್ಟಡದ ಕಾಯಂ ಉಪಯೋಗಕ್ಕಾಗಿ ಅದಕ್ಕೆ ಜೋಡಿಸಿದ ವಸ್ತು.

ನಮ್ಮ ಹಳೇ ಕ್ರಯಪತ್ರಗಳಲ್ಲೂ ಇದೇ ವಿಚಾರ ಬೇರೆ ಮಾತಿನಲ್ಲಿದೆ. ‘ನಿಧಿ, ನಿಕ್ಷೇಪ, ಜಲ, ತರು, ಪಾಷಾಣ’ ಅಂತ ಪತ್ರ ಬರಹಗಾರರು ಒಂದೇ ಉಸಿರಿಗೆ ಬರೆಯುವ ಸಾಲು ನಿಮ್ಮ ಅಜ್ಜನ ಪತ್ರದಲ್ಲೂ ಇರಬಹುದು, ತೆಗೆದು ನೋಡಿ. ಜಲ ಅಂದಾಗ ಬಾವಿ ಬಂತು. ತರು ಅಂದಾಗ ಹಿತ್ತಲಿನ ತೆಂಗಿನಮರ ಬಂತು. ಆ ಕಾಲಕ್ಕೆ ಅಷ್ಟು ಸಾಕಿತ್ತು. ಇವತ್ತಿನ ಮನೆಯಲ್ಲಿ ಇನ್ವರ್ಟರ್, ಕ್ಯಾಮೆರಾ, ಎಸಿ, ನೀರಿನ ಫಿಲ್ಟರ್ ಇವೆ. ಅವು ಯಾವ ಪದದ ಕೆಳಗೂ ಸಲೀಸಾಗಿ ಕೂರುವುದಿಲ್ಲ.

‘ಕಾಯಂ ಬಳಕೆ’ ಅನ್ನುವ ಮಾತಿನ ಅರ್ಥ ಒಬ್ಬೊಬ್ಬರಿಗೆ ಒಂದೊಂದು ಥರ. ಗೋಡೆಯಲ್ಲೇ ಕಟ್ಟಿದ ವಾರ್ಡ್‌ರೋಬ್ ಬಗ್ಗೆ ತಕರಾರು ಕಡಿಮೆ. ನಾಲ್ಕು ಸ್ಕ್ರೂನಲ್ಲಿ ನಿಂತ ಗೀಸರ್? ಮಾರುವವರು ಬೇರೆ ಮನೆಗೆ ಒಯ್ಯಬಹುದು ಅನ್ನುತ್ತಾರೆ, ಕೊಂಡವರು ಬಚ್ಚಲಿಗೆ ಅಂತಲೇ ಹಾಕಿದ್ದು ಅನ್ನುತ್ತಾರೆ. ಗೀಸರಿಗಾಗಿ ಯಾರೂ ಕೋರ್ಟಿನ ಮೆಟ್ಟಿಲು ಹತ್ತುವುದಿಲ್ಲ. ಹಾಗಾಗಿ ಕಾನೂನನ್ನು ತಿಳಿದುಕೊಳ್ಳಿ, ನಂಬಿಕೆಯನ್ನು ಮಾತ್ರ ಬರೆದ ಪಟ್ಟಿಯ ಮೇಲೆ ಇಡಿ.

ಎರಡನೇ ಸಲ ಮನೆ ನೋಡಲು ಹೋಗುವಾಗ ಪುಸ್ತಕ, ಪೆನ್ನು ಇರಲಿ

ಮೊದಲ ಸಲ ಹೋದಾಗ ಗಾಳಿ, ಬೆಳಕು, ವಾಸ್ತು, ರಸ್ತೆ ನೋಡುತ್ತೇವೆ. ಸಾಮಾನು ಕಣ್ಣಿಗೆ ಬೀಳುವುದಿಲ್ಲ, ಬೀಳುವುದೂ ಬೇಡ. ಮನೆ ಮನಸ್ಸಿಗೆ ಬಂದು ಎರಡನೇ ಸಲ ಹೋಗುವಾಗ ಹಗಲು ಹೊತ್ತಿನಲ್ಲಿ ಹೋಗಿ, ಒಂದು ಗಂಟೆ ಇಟ್ಟುಕೊಳ್ಳಿ. ಮನೆಯಲ್ಲಿ ಅಡುಗೆ ಮಾಡುವವರು ಯಾರೋ ಅವರು ಜೊತೆಗೆ ಇರಲೇಬೇಕು. ಅವರಿಗೆ ಕಾಣುವುದು ಉಳಿದವರಿಗೆ ಕಾಣುವುದಿಲ್ಲ.

ನಾನು ಮಹಡಿಯಿಂದ ಶುರು ಮಾಡುತ್ತೇನೆ. ಜಾಸ್ತಿ ಬೆಲೆಯ ವಸ್ತುಗಳು ಅಲ್ಲೇ ಇರುವುದು.

ಸೋಲಾರ್ ವಾಟರ್ ಹೀಟರ್ ಎರಡು ಥರ ಇರುತ್ತದೆ. ಗಾಜಿನ ಟ್ಯೂಬಿನದ್ದು ಒಂದು, ತಾಮ್ರದ ಪೈಪಿರುವ ಚಪ್ಪಟೆ ಪ್ಯಾನೆಲ್ ಇನ್ನೊಂದು. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ತಾಮ್ರದ ಸಣ್ಣ ಪೈಪಿನಲ್ಲಿ ಸುಣ್ಣ ಕಟ್ಟಿಕೊಂಡು ಕ್ರಮೇಣ ನೀರು ಹೋಗುವುದೇ ನಿಲ್ಲುತ್ತದೆ. ಗಾಜಿನ ಟ್ಯೂಬು ಗಡಸು ನೀರನ್ನು ಅದಕ್ಕಿಂತ ಚೆನ್ನಾಗಿ ತಾಳುತ್ತದೆ. ಆದ್ದರಿಂದ ‘ಸೋಲಾರ್ ಇದೆ’ ಅಂತಷ್ಟೇ ಬರೆದುಕೊಳ್ಳಬೇಡಿ. ಯಾವ ಥರ, ಎಷ್ಟು ಲೀಟರ್, ಯಾವ ವರ್ಷ ಹಾಕಿಸಿದ್ದು, ಅದಕ್ಕೆ ಯಾವ ನೀರು ಹೋಗುತ್ತದೆ ಕೇಳಿ. ಸಾಧ್ಯವಾದರೆ ಒಂದು ಬೆಳಿಗ್ಗೆ ಬೇಗ ಹೋಗಿ ಬಚ್ಚಲಿನ ನಲ್ಲಿ ತಿರುಗಿಸಿ ನೋಡಿ. ಐದು ನಿಮಿಷದ ಕೆಲಸ.

ಕರೆಂಟ್ ಮಾಡುವ ಸೋಲಾರ್ ಪ್ಯಾನೆಲ್ ಬೇರೆ. 2024ರಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂದ ಮೇಲೆ ಮನೆಗಳ ಮೇಲೆ ಇದು ಹೆಚ್ಚಾಗಿದೆ. 3 ಕಿಲೋವ್ಯಾಟ್‌ವರೆಗೆ ಹಾಕಿಸಿದವರಿಗೆ 78,000 ರೂಪಾಯಿವರೆಗೆ ಸಬ್ಸಿಡಿ ಸಿಗುತ್ತದೆ. ಎಷ್ಟೋ ಜನ ಉಳಿದ ದುಡ್ಡಿಗೆ ಬ್ಯಾಂಕ್ ಸಾಲ ತೆಗೆದಿರುತ್ತಾರೆ. ಸಾಲ ತೀರಿದೆಯಾ ಅಂತ ಕೇಳಿ, ತೀರಿದ್ದರೆ ಬ್ಯಾಂಕಿನ ಚೀಟಿ ನೋಡಿ. ಬೆಸ್ಕಾಂ ಜೊತೆಗಿನ ನೆಟ್ ಮೀಟರ್ (ಪ್ಯಾನೆಲಿನಿಂದ ಹೊರಗೆ ಹೋಗುವ ಕರೆಂಟನ್ನೂ ಲೆಕ್ಕ ಹಾಕುವ ಮೀಟರ್) ಒಪ್ಪಂದ ಮಾರುವವರ ಹೆಸರಿನಲ್ಲಿರುತ್ತದೆ. ಅದರ ಕಾಗದವೂ ನಿಮ್ಮ ಪಟ್ಟಿಗೆ ಸೇರಬೇಕು.

ಸಿಂಟೆಕ್ಸ್ ಟ್ಯಾಂಕನ್ನು ಯಾರೂ ಒಯ್ಯುವುದಿಲ್ಲ ಅಂದುಕೊಳ್ಳುತ್ತೇವೆ. ಎರಡು ಟ್ಯಾಂಕಿದ್ದ ಮನೆಯಲ್ಲಿ ಒಂದನ್ನು ಒಯ್ದಿದ್ದು ನನಗೆ ಗೊತ್ತು. ಎಣಿಸಿ ಬರೆಯಿರಿ.

ಮಹಡಿ ಇಳಿದು ನೀರಿನ ಕಡೆ ಬನ್ನಿ. ತುಮಕೂರು ನಗರಕ್ಕೆ ಬುಗುಡನಹಳ್ಳಿ ಕೆರೆಗೆ ಬರುವ ಹೇಮಾವತಿ ನೀರೇ ಆಧಾರ. ನಲ್ಲಿ ನೀರು ಎಲ್ಲ ಬಡಾವಣೆಗೂ ದಿನಾ ಬರುವುದಿಲ್ಲ. ಬಂದಾಗ ಸಂಪಿನಲ್ಲಿ ತುಂಬಿಕೊಂಡು ಮೇಲಕ್ಕೆ ಏರಿಸಬೇಕು. ಅಂದರೆ ಸಂಪಿನ ಪಕ್ಕದ ಆ ಸಣ್ಣ ಮೋಟರ್ ಇಲ್ಲದಿದ್ದರೆ ಮನೆಗೆ ಬಂದ ಮೊದಲ ದಿನವೇ ಬಕೆಟ್ ಹಿಡಿಯಬೇಕು. ಎರಡು ಬೋಲ್ಟ್ ಬಿಚ್ಚಿದರೆ ಅದು ಕೈಗೆ ಬರುತ್ತದೆ. ಹೋಗುವ ಸಾಮಾನಿನ ಲಾರಿಯಲ್ಲಿ ಕೊನೆಗೆ ಏರುವುದೂ ಅದೇ.

ಬೋರ್‌ವೆಲ್ ಇದ್ದರೆ ಇನ್ನೂ ಎಚ್ಚರ ಬೇಕು. ಮೋಟರ್ ನೂರಾರು ಅಡಿ ಕೆಳಗಿರುತ್ತದೆ, ಅದನ್ನು ಯಾರೂ ಸುಲಭವಾಗಿ ಎತ್ತುವುದಿಲ್ಲ. ಗೋಡೆಯ ಮೇಲಿನ ಸ್ಟಾರ್ಟರ್ ಬೋರ್ಡು, ಅದರಿಂದ ಹೋಗುವ ಕೇಬಲ್ ಬಿಚ್ಚುವುದು ಸುಲಭ. ‘ಬೋರ್‌ವೆಲ್, ಮೋಟರ್, ಕೇಬಲ್, ಪೈಪು, ಸ್ಟಾರ್ಟರ್ ಬೋರ್ಡು’ ಅಂತ ಐದನ್ನೂ ಬಿಡಿಸಿ ಬರೆಯಿರಿ. ಒಂದು ಗಂಟೆ ಮೋಟರ್ ಹಾಕಿಸಿ ನೋಡಿ. ಹತ್ತು ನಿಮಿಷಕ್ಕೆ ನೀರು ಎಳೆಎಳೆಯಾಗಿ ಬಂದರೆ ಆಗಲೇ ಮಾತಾಡಬೇಕು. ಬಳಸದೆ ಬಿಟ್ಟ ಹಳೇ ಕೊಳವೆಬಾವಿ ಇದ್ದರೆ ಅದಕ್ಕೆ ಭದ್ರವಾದ ಮುಚ್ಚಳ ಹಾಕಿಸಿ ಕೊಡುವುದನ್ನೂ ಕೇಳಿ. ಮಕ್ಕಳಿರುವ ಮನೆಗೆ ಇದಕ್ಕಿಂತ ಮುಖ್ಯ ಯಾವುದೂ ಇಲ್ಲ.

ಅಡುಗೆಮನೆಯಲ್ಲಿ ಚಿಮಣಿ, ಒಲೆ, ಡ್ರಾಯರ್ ಒಳಗಿನ ಸ್ಟೀಲ್ ಬುಟ್ಟಿ, ನೀರಿನ ಫಿಲ್ಟರ್ ನೋಡಿ. ಕಲ್ಲು ಕೊರೆದು ಕೂರಿಸಿದ ಒಲೆ ಹೋದರೆ ಗ್ರಾನೈಟಿನಲ್ಲಿ ದೊಡ್ಡ ಬಾಯಿ ಉಳಿಯುತ್ತದೆ. ಅದೇ ಅಳತೆಯ ಒಲೆ ಹುಡುಕುವುದು ಕಷ್ಟ. ಹಾಗಾಗಿ ಕೊರೆದು ಕೂರಿಸಿದ್ದನ್ನು ಉಳಿಸಲು ಕೇಳಿ, ಮೇಲಿಟ್ಟ ಒಲೆಯನ್ನು ಬಿಟ್ಟುಬಿಡಿ. ಗ್ಯಾಸ್ ಸಿಲಿಂಡರ್, ರೆಗ್ಯುಲೇಟರ್ ವಿಷಯದಲ್ಲಿ ಚೌಕಾಸಿಗೆ ಜಾಗವೇ ಇಲ್ಲ. ಅವು ಕಂಪನಿಯ ಆಸ್ತಿ. ಮಾರುವವರು ಡಿಪಾಸಿಟ್ ಕಟ್ಟಿ ಬಳಸುತ್ತಿರುತ್ತಾರೆ ಅಷ್ಟೇ. ಅವರ ಕನೆಕ್ಷನ್ ಅವರ ಜೊತೆ ಹೋಗಲಿ, ನೀವು ನಿಮ್ಮದನ್ನು ಏಜೆನ್ಸಿಯಲ್ಲಿ ಹೊಸ ವಿಳಾಸಕ್ಕೆ ಬದಲಾಯಿಸಿಕೊಳ್ಳಿ.

ಇನ್ನು ರೂಮುಗಳಲ್ಲಿ ಫ್ಯಾನು, ಲೈಟು, ಪರದೆಯ ಕಂಬಿ, ಸೊಳ್ಳೆ ಪರದೆಯ ಬಾಗಿಲು, ಕನ್ನಡಿ, ಗೀಸರ್, ಎಸಿ. ಎಷ್ಟು, ಎಲ್ಲಿ ಅಂತ ಬರೆದರೆ ಸಾಕು. ಬಲ್ಬ್ ಹೋಲ್ಡರ್ ಸಮೇತ ಬಿಚ್ಚಿಕೊಂಡು ಹೋಗಿ, ವೈರು ಹೊರಗೆ ನೇತಾಡುತ್ತಿದ್ದ ಮನೆಯನ್ನು ನೋಡಿದ ಮೇಲೆ ‘ಹೋಲ್ಡರ್ ಬಿಡಬೇಕು’ ಅಂತಲೂ ಬರೆಸುತ್ತೇನೆ. ಕರೆಂಟ್ ವೈರು ಬಾಯಿ ಬಿಟ್ಟುಕೊಂಡಿರುವುದು ಅಪಾಯ.

ಬಾಡಿಗೆ ಅಥವಾ ಲೀಸ್‌ಗೆ ಜನ ಇರುವ ಮನೆಯಾದರೆ ಒಂದು ಪ್ರಶ್ನೆ ಜಾಸ್ತಿ ಕೇಳಿ: ಇದನ್ನು ಹಾಕಿಸಿದ್ದು ಯಾರು? ಬಾಡಿಗೆಯವರು ತಾವು ಜೋಡಿಸಿದ ವಸ್ತುವನ್ನು ಮನೆ ಬಿಡುವ ಮೊದಲು ಬಿಚ್ಚಿಕೊಂಡು ಹೋಗಬಹುದು ಅಂತ ಆಸ್ತಿ ವರ್ಗಾವಣೆ ಕಾಯ್ದೆಯೇ ಹೇಳುತ್ತದೆ, ಮನೆಯನ್ನು ಮೊದಲಿದ್ದ ಹಾಗೆ ಬಿಟ್ಟು ಹೋಗಬೇಕು ಅಷ್ಟೇ. ಮಾಲೀಕರು ‘ಎಲ್ಲಾ ಬಿಡ್ತೀವಿ’ ಅಂದರೂ ಎಸಿ ಬಾಡಿಗೆಯವರದ್ದಾದರೆ ಆ ಮಾತಿಗೆ ಬೆಲೆ ಇಲ್ಲ. ಅಣ್ಣತಮ್ಮಂದಿರ ಜಂಟಿ ಮನೆಯಲ್ಲೂ ಹೀಗೇ ಆಗುತ್ತದೆ. ‘ಆ ಬೀರು ನಮ್ಮ ಅಕ್ಕನದು’ ಅಂತ ಕೊನೇ ವಾರದಲ್ಲಿ ಒಬ್ಬರು ಬಂದು ನಿಲ್ಲುತ್ತಾರೆ.

ಮನಸ್ಸು ಅಂಟಿದ ವಸ್ತುಗಳನ್ನು ಕೇಳಬೇಡಿ

ಇದು ಕಾನೂನಿನ ಮಾತಲ್ಲ, ನನ್ನ ಮಾತು. ದೇವರಮನೆಯ ಮರದ ಮಂಟಪ, ಅಜ್ಜಿಯ ಕಾಲದ ಒರಳುಕಲ್ಲು, ನಡುಮನೆಯ ತೂಗುಮಂಚ, ಹಳೇ ಬಚ್ಚಲಿನ ಒಲೆಯಲ್ಲಿ ಕೂರಿಸಿದ ತಾಮ್ರದ ಹಂಡೆ. ಒಲೆಯೊಳಗೆ ಗಾರೆ ಹಾಕಿ ಕೂರಿಸಿದ ಹಂಡೆ ಕಟ್ಟಡದ್ದೇ ಭಾಗ ಅಂತ ವಾದ ಮಾಡಬಹುದು. ಮಾಡಬೇಡಿ. ಒಯ್ಯುವುದಾದರೆ ಒಲೆ ಒಡೆದ ಜಾಗವನ್ನು ಮುಚ್ಚಿಸಿ ಕೊಡಿ ಅಂತ ಮಾತ್ರ ಕೇಳಿ. ತುಳಸಿಕಟ್ಟೆ ಉಳಿಯುತ್ತದೆ, ಗಿಡವನ್ನು ಅವರು ಕೊಂಡೊಯ್ಯಬಹುದು. ನೀವು ಹೇಗೂ ನಿಮ್ಮ ಗಿಡ ನೆಡುತ್ತೀರಿ.

ತೆಂಗಿನಮರ ಜಾಗದ ಜೊತೆ ನಿಮಗೇ ಬರುತ್ತದೆ. ಮರದಲ್ಲಿರುವ ಕಾಯಿ ಮಾತ್ರ ತಕರಾರಿಗೆ ಕಾರಣ ಆಗುತ್ತದೆ. ಕರಾರಾದ ಮೇಲೆ ಕೀ ಕೊಡಲು ಮೂರು ತಿಂಗಳು ಹಿಡಿದರೆ ಅಷ್ಟರಲ್ಲಿ ಒಂದೆರಡು ಸಲ ಕಾಯಿ ಕೆಡವುತ್ತಾರೆ. ಅದು ಅವರದೇ ಇರಲಿ. ತಂಗಿಯ ಮನೆಯಲ್ಲಿ ಮಾರಿದ ಅಮ್ಮ ಸಂಕೋಚದಿಂದ ಕೇಳಿದ್ದು ಒಂದೇ: ‘ಹಿತ್ತಲಿನ ಮಲ್ಲಿಗೆ ಬಳ್ಳಿಯಿಂದ ಒಂದು ಕಡ್ಡಿ ತಗೊಂಡು ಹೋಗ್ಲಾ?’ ತಂಗಿ ಬಳ್ಳಿಯನ್ನೇ ಬೇರು ಸಮೇತ ಅಗೆಸಿಕೊಟ್ಟಳು. ಆಮೇಲೆ ಆ ಅಮ್ಮ ಕರ್ಟನ್ನು, ನಾಲ್ಕು ಫ್ಯಾನು, ಮಹಡಿಯ ಏಣಿ ಎಲ್ಲ ಬಿಟ್ಟು ಹೋದರು. ಬಿಟ್ಟುಕೊಟ್ಟಿದ್ದು ಹೀಗೆ ವಾಪಸ್ ಬರುವುದನ್ನು ನಾನು ಒಂದಕ್ಕಿಂತ ಜಾಸ್ತಿ ಸಲ ಕಂಡಿದ್ದೇನೆ.

ಮಾತಿಗೆ ಕೂರುವುದು

ಸಾಮಾನಿನ ಮಾತನ್ನು ಮನೆ ಬೆಲೆಯ ಮಾತು ಮುಗಿಯುವ ಹಂತಕ್ಕೆ ಬಂದಾಗ ಎತ್ತಿ. ತುಂಬಾ ಮೊದಲೇ ಎತ್ತಿದರೆ ‘ಇವರಿಗೆ ಮನೆ ಪಕ್ಕಾ ಆಗಿದೆ’ ಅಂತ ಬೆಲೆ ಬಿಗಿಯಾಗುತ್ತದೆ. ಅಡ್ವಾನ್ಸ್ ಕೊಟ್ಟ ಮೇಲೆ ಎತ್ತಿದರೆ ನಿಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಐದು ಹತ್ತು ಸಾವಿರದ ಎಳೆದಾಟದಲ್ಲಿ ಬೆಲೆ ನಿಂತಿರುವ ಹೊತ್ತೇ ಸರಿಯಾದ ಹೊತ್ತು. ಅವರಿಗೆ ಬೆಲೆ ಇಳಿಸಲು ಮನಸ್ಸಿಲ್ಲದಿದ್ದರೆ ಸಾಮಾನು ಬಿಟ್ಟುಕೊಡಲು ಮನಸ್ಸು ಬರುತ್ತದೆ.

ಬ್ರೋಕರ್ ಮೂಲಕ ಕೇಳಿಸಬೇಡಿ. ಅವರಿಗೆ ವ್ಯವಹಾರ ಬೇಗ ಮುಗಿಯಬೇಕು, ‘ಅದೆಲ್ಲ ಬಿಡ್ತಾರೆ ಸಾರ್, ತಲೆ ಕೆಡಿಸ್ಕೋಬೇಡಿ’ ಅನ್ನುತ್ತಾರೆ. ಆ ಮಾತನ್ನು ಮನೆಯವರು ಹೇಳಿರುವುದೇ ಇಲ್ಲ. ಮನೆಯ ಯಜಮಾನರ ಜೊತೆ ಮನೆಯಮ್ಮನೂ ಕೂತಿರುವಾಗ ನೀವೇ ಕೇಳಿ.

ಕೇಳುವ ಕ್ರಮವೂ ಮುಖ್ಯ. ‘ಏನೇನು ಬಿಡ್ತೀರಾ?’ ಅಂತ ಶುರು ಮಾಡಿದರೆ ಅವರ ಮೈ ಬಿಗಿಯಾಗುತ್ತದೆ. ತಂಗಿ ಕೇಳಿದ್ದು ಹೀಗೆ:

‘ಅಮ್ಮಾ, ನಿಮ್ಗೆ ಹೊಸ ಮನೆಗೆ ಯಾವ್ಯಾವ್ದು ಬೇಕೋ ಮೊದ್ಲು ಹೇಳಿಬಿಡಿ. ಅದನ್ನ ನಾವು ಕೇಳೋದೇ ಇಲ್ಲ.’

‘ತೂಗುಮಂಚ ನಮ್ಮತ್ತೆದು ಕಣಮ್ಮ, ಅದನ್ನ ಬಿಡಕ್ಕಾಗಲ್ಲ. ಆಮೇಲೆ ದೊಡ್ಡ ಫ್ರಿಜ್ಜು, ವಾಷಿಂಗ್ ಮಷಿನ್ನು.’

‘ಖಂಡಿತ ತಗೊಂಡು ಹೋಗಿ. ಮೇಲಿರೋ ಸೋಲಾರು?’

ಅಮ್ಮ ಯಜಮಾನರ ಮುಖ ನೋಡಿದರು. ಅವರು ಸ್ವಲ್ಪ ಯೋಚನೆ ಮಾಡಿ, ‘ನಾವು ಹೋಗ್ತಿರೋದು ಅಪಾರ್ಟ್‌ಮೆಂಟಿಗೆ. ಅಲ್ಲಿ ಹಾಕೋಕೆ ಬಿಡಲ್ಲ. ಅದಕ್ಕೇನಾದ್ರೂ ನೋಡಿ ಕೊಡಿ’ ಅಂದರು.

ಅವರು ಎಲ್ಲಿಗೆ ಹೋಗುತ್ತಿದ್ದಾರೆ ಅನ್ನುವುದು ಎಷ್ಟು ಉಪಯೋಗದ ಮಾತು ನೋಡಿ. ಅಪಾರ್ಟ್‌ಮೆಂಟಿಗೆ ಅಥವಾ ಮಗನ ಮನೆಗೆ ಹೋಗುವವರಿಗೆ ಸೋಲಾರ್, ಮೋಟರ್, ಇನ್ವರ್ಟರ್ ಹೊರೆ. ಬಿಚ್ಚಿಸುವ ಕೂಲಿ, ಸಾಗಿಸುವ ಬಾಡಿಗೆ, ಮತ್ತೆ ಕೂರಿಸುವ ಖರ್ಚು ಎಲ್ಲ ಅವರ ತಲೆಗೆ. ತಾವೇ ಹೊಸ ಮನೆ ಕಟ್ಟಿ ಹೋಗುವವರಾದರೆ ಒಂದೊಂದು ಫ್ಯಾನಿಗೂ ಲೆಕ್ಕ ಇರುತ್ತದೆ. ಮೊದಲು ಇದನ್ನು ತಿಳಿದುಕೊಂಡು ಆಮೇಲೆ ಬೆಲೆಗೆ ಕೈ ಹಾಕಿ.

ಯಾವ ವಸ್ತುವಿಗೆ ಎಷ್ಟು

ಅವರು ಕೊಂಡ ಬೆಲೆ ಹೇಳುತ್ತಾರೆ. ನೀವು ಇವತ್ತಿನ ಹೊಸದರ ಬೆಲೆಯನ್ನು ಬಿ.ಎಚ್. ರಸ್ತೆಯ ಎರಡು ಅಂಗಡಿಯಲ್ಲಿ ಕೇಳಿಕೊಂಡು ಬನ್ನಿ. ಅದರಿಂದ ವಯಸ್ಸು ಕಳೆಯಿರಿ. ಅರ್ಧ ಆಯಸ್ಸು ಮುಗಿದ ವಸ್ತುವಿಗೆ ಹೊಸದರ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕೊಡಲು ನಾನು ಒಪ್ಪುವುದಿಲ್ಲ. ಗ್ಯಾರಂಟಿ ನಮಗೆ ಬರುವುದಿಲ್ಲ, ಕೆಟ್ಟರೆ ಕೇಳಲು ಯಾರೂ ಇರುವುದಿಲ್ಲ.

ಇನ್ವರ್ಟರ್ ಬ್ಯಾಟರಿಯನ್ನು ಬೇರೆಯಾಗಿ ನೋಡಿ. ಅದರ ಮೇಲೆ ತಯಾರಾದ ತಿಂಗಳು, ವರ್ಷ ಇರುತ್ತದೆ. ನಾಲ್ಕೈದು ವರ್ಷ ಆಗಿದ್ದರೆ ಅದರ ಕಾಲ ಮುಗಿಯುತ್ತಾ ಬಂತು ಅಂತಲೇ ಅರ್ಥ. ಅಂಥದ್ದಕ್ಕೆ ಗುಜರಿ ಬೆಲೆ ಕಟ್ಟಿ. ಹಳೇ ಬ್ಯಾಟರಿ ಕೊಟ್ಟರೆ ಹೊಸದಕ್ಕೆ ಅಂಗಡಿಯವರು ಸ್ವಲ್ಪ ಕಳೆಯುತ್ತಾರೆ, ಅಷ್ಟೇ ಅದರ ಬೆಲೆ. ಇನ್ವರ್ಟರಿನ ಪೆಟ್ಟಿಗೆ ಮಾತ್ರ ಇನ್ನೂ ಹಲವು ವರ್ಷ ಬರಬಹುದು. ಗೀಸರನ್ನು ಗಡಸು ನೀರಿನಲ್ಲಿ ಬಳಸಿದ್ದರೆ ಒಳಗಿನ ಕಾಯಿಲ್‌ಗೆ ಸುಣ್ಣ ಕಟ್ಟಿರುತ್ತದೆ. ದುಡ್ಡು ಕೊಡುವುದೇ ಬೇಡ, ಸುಮ್ನೆ ಬಿಟ್ಟರೆ ಇಟ್ಟುಕೊಳ್ಳಿ.

ಈ ದುಡ್ಡನ್ನು ಮನೆ ಬೆಲೆಯೊಳಗೆ ಸೇರಿಸಬೇಕಾ, ಬೇರೆ ಇಡಬೇಕಾ? ಸಾಮಾನಿನ ನಿಜವಾದ ಬೆಲೆಯನ್ನು ಬೇರೆ ಇಡಿ ಅನ್ನುತ್ತೇನೆ. ನಗರದೊಳಗಿನ ಕಟ್ಟಿದ ಮನೆಗೆ ಛಾಪಾ ಶುಲ್ಕ 5%. ಅದರ ಮೇಲಿನ ಸೆಸ್, ಸರ್ಚಾರ್ಜ್ ಸೇರಿ 5.6% ಆಗುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 2% ಆಗಿದೆ. ಒಟ್ಟು 7.6%. ಎತ್ತಿಟ್ಟು ಒಯ್ಯಬಹುದಾದ ಒಂದೂವರೆ ಲಕ್ಷದ ಸಾಮಾನನ್ನು ಮನೆ ಬೆಲೆಯೊಳಗೆ ಸೇರಿಸಿದರೆ ಅದರ ಮೇಲೆ 11,400 ರೂಪಾಯಿ ಸುಮ್ಮನೆ ಹೋಗುತ್ತದೆ. ಸರ್ಕಾರ ಆ ಜಾಗಕ್ಕೆ ನಿಗದಿ ಮಾಡಿದ ಮಾರ್ಗಸೂಚಿ ಬೆಲೆ ನಿಮ್ಮ ಒಟ್ಟು ಬೆಲೆಗಿಂತ ಜಾಸ್ತಿ ಇದ್ದರೆ ಶುಲ್ಕ ಹೇಗೂ ಮಾರ್ಗಸೂಚಿ ಬೆಲೆಯ ಮೇಲೆ ಬೀಳುತ್ತದೆ, ಆಗ ಈ ಉಳಿತಾಯ ಇಲ್ಲ.

ಹಾಗಂತ ಹಳೇ ಸೋಫಾಗೆ ಐದು ಲಕ್ಷ ಬರೆದು ಮನೆ ಬೆಲೆ ಇಳಿಸಲು ಯಾರಾದರೂ ಹೇಳಿಕೊಟ್ಟರೆ ಒಪ್ಪಬೇಡಿ. ಅದು ತೆರಿಗೆ ತಪ್ಪಿಸುವ ಕೆಲಸ. ಗೃಹಸಾಲವನ್ನು ಬ್ಯಾಂಕಿನವರು ಮನೆ ನೋಡಿ ಕೊಡುತ್ತಾರೆ, ಫ್ರಿಜ್ಜು ನೋಡಿ ಕೊಡುವುದಿಲ್ಲ. ಮನೆ ಬೆಲೆ ಕಾಗದದಲ್ಲಿ ಇಳಿದರೆ ಸಾಲವೂ ಇಳಿಯುತ್ತದೆ. ಸಾಮಾನಿನ ದುಡ್ಡನ್ನು ನೀವು ಕೈಯಿಂದಲೇ ಹೊಂದಿಸಬೇಕು. ಇದನ್ನು ಮೊದಲೇ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಪಟ್ಟಿ ಬರೆಯುವುದು

ಕ್ರಯದ ಕರಾರು ಬರೆಸುವ ದಿನ ಪತ್ರ ಬರಹಗಾರರ ಅಥವಾ ವಕೀಲರ ಮುಂದೆ ಈ ಪಟ್ಟಿ ಇಡಿ. ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಬರೆಯುವ ಷೆಡ್ಯೂಲ್ ಆದ ಮೇಲೆ ಇನ್ನೊಂದು ಷೆಡ್ಯೂಲ್ ಸೇರಿಸಲು ಹೇಳಿ. ಕೆಲವರು ‘ಇದೆಲ್ಲ ಯಾರೂ ಬರೆಸಲ್ಲ’ ಅನ್ನುತ್ತಾರೆ. ನೀವು ಬರೆಸಿ. ನಾವು ಬರೆಸಿದ್ದು ಹೆಚ್ಚುಕಡಿಮೆ ಹೀಗಿತ್ತು:

‘ಈ ಕೆಳಗಿನ ವಸ್ತುಗಳು ಇಂದು ಇರುವ ಸ್ಥಿತಿಯಲ್ಲೇ ಮನೆಯ ಜೊತೆ ಖರೀದಿದಾರರಿಗೆ ಸೇರತಕ್ಕದ್ದು. ಮಹಡಿಯ ಮೇಲಿನ 200 ಲೀಟರ್ ಗಾಜಿನ ಟ್ಯೂಬಿನ ಸೋಲಾರ್ ಒಂದು, ಸ್ಟ್ಯಾಂಡ್ ಮತ್ತು ಪೈಪ್ ಸಮೇತ. 1,000 ಲೀಟರ್ ನೀರಿನ ಟ್ಯಾಂಕ್ ಎರಡು. ಸಂಪಿನ ಮೋಟರ್ ಒಂದು. ಬೋರ್‌ವೆಲ್ ಮೋಟರ್, ಕೇಬಲ್, ಪೈಪು, ಸ್ಟಾರ್ಟರ್ ಬೋರ್ಡು. ಅಡುಗೆಮನೆಯ ಚಿಮಣಿ ಒಂದು. ಸೀಲಿಂಗ್ ಫ್ಯಾನ್ ನಾಲ್ಕು. ಮಾರಾಟಗಾರರು ಒಯ್ಯುವ ವಸ್ತುಗಳು: ತೂಗುಮಂಚ, ದೇವರಮನೆಯ ಮಂಟಪ, ನಡುಮನೆಯ ಗೊಂಚಲು ದೀಪ. ಒಯ್ದ ಜಾಗದಲ್ಲಿ ತೂತು ಮುಚ್ಚಿಸಿ, ವೈರಿಗೆ ಟೇಪ್ ಸುತ್ತಿ, ಸಾಧಾರಣ ದೀಪ ಹಾಕಿಸಿ ಕೊಡತಕ್ಕದ್ದು. ಪಟ್ಟಿಯಲ್ಲಿರುವ ವಸ್ತು ಕೀ ಕೊಡುವ ದಿನ ಇಲ್ಲದಿದ್ದರೆ ಅಥವಾ ಕೆಲಸ ಮಾಡದಿದ್ದರೆ ಅದರ ಎದುರು ಬರೆದ ಬೆಲೆಯನ್ನು ಖರೀದಿದಾರರು ಕೊಡಬೇಕಾದ ಹಣದಲ್ಲಿ ಕಳೆಯತಕ್ಕದ್ದು.’

ಒಯ್ಯುವ ವಸ್ತುಗಳನ್ನೂ ಬರೆದಿದ್ದು ಗಮನಿಸಿ. ಇದರಿಂದ ಮಾರುವವರಿಗೂ ನೆಮ್ಮದಿ. ಕೊನೆಯ ಸಾಲು ಇಲ್ಲದಿದ್ದರೆ ಉಳಿದ ಪಟ್ಟಿಗೆ ಬಲ ಇಲ್ಲ. ಅದಕ್ಕಾಗಿ ಒಂದೊಂದು ವಸ್ತುವಿನ ಎದುರೂ ಒಂದು ಮೊತ್ತ ಬೇಕು, ಸುಮ್ನೆ ಬಿಟ್ಟ ವಸ್ತುವಾದರೂ ಸರಿ. ಮಾದರಿ ನಂಬರ್ ಇರುವ ವಸ್ತುಗಳಿಗೆ ಅದನ್ನೂ ಬರೆಯಿರಿ. ಒಳ್ಳೇ ಫ್ಯಾನು ಹೋಗಿ ಹಳೇ ಫ್ಯಾನು ಬಂದು ಕೂತ ಉದಾಹರಣೆ ಇದೆ, ಎಣಿಕೆ ಮಾತ್ರ ಸರಿಯಾಗಿತ್ತು. ಅದೇ ದಿನ ಫೋನಿನಲ್ಲಿ ಮನೆಯ ಎಲ್ಲ ರೂಮಿನ ವಿಡಿಯೋ ಮಾಡಿ, ಅವರಿಗೂ ವಾಟ್ಸಾಪ್ ಮಾಡಿ. ಕದ್ದು ಮಾಡುವುದು ಬೇಡ. ಅವರ ಮುಂದೆಯೇ ಮಾಡಿದರೆ ಅದೇ ಇಬ್ಬರಿಗೂ ಸಾಕ್ಷಿ.

ದುಡ್ಡು ಮತ್ತು ಕೀ

ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಬೀಳುವ ಹೊತ್ತಿಗೆ ಮನೆಯ ದುಡ್ಡು ಪೂರ್ತಿ ಸಂದಾಯ ಆಗಿರುತ್ತದೆ. ಆಮೇಲೆ ಹಿಡಿದಿಡಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ. ಅದಕ್ಕೇ ಸಾಮಾನಿನ ದುಡ್ಡನ್ನು ಬೇರೆ ಇಡಿ ಅಂದಿದ್ದು. ಮನೆ ದುಡ್ಡು ನೋಂದಣಿ ದಿನ, ಸಾಮಾನಿನ ದುಡ್ಡು ಕೀ ದಿನ. ಕರಾರಿನಲ್ಲೇ ಹೀಗೆ ಬರೆಸಿದರೆ ಯಾರಿಗೂ ಬೇಸರ ಇಲ್ಲ. ಅದನ್ನೂ ಬ್ಯಾಂಕ್ ಮೂಲಕವೇ ಕೊಡಿ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ ಅವಕಾಶ ಇಲ್ಲ. ಸಾಮಾನಿಗೆ ಬೇರೆ ರಸೀದಿ ತೆಗೆದುಕೊಳ್ಳಿ. 5,000 ದಾಟಿದರೆ ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪ್ ಅಂಟಿಸಿ ಸಹಿ ಹಾಕಿಸಿ.

ನೋಂದಣಿ ದಿನ ಬೆಳಿಗ್ಗೆ, ಡಿಡಿ ಕೈ ಬದಲಾಗುವ ಮೊದಲು, ಪಟ್ಟಿ ಹಿಡಿದು ಒಂದು ಸಲ ಮನೆ ಸುತ್ತಿ ಬನ್ನಿ. ನಾನು ಮಾಡದೆ ಬಿಟ್ಟಿದ್ದು ಇದನ್ನೇ. ಅವರು ಇನ್ನೂ ಆ ಮನೆಯಲ್ಲೇ ಇದ್ದರೂ ಪರವಾಗಿಲ್ಲ, ಅರ್ಧ ಗಂಟೆ ಕೇಳಿ, ಯಾರೂ ಇಲ್ಲ ಅನ್ನುವುದಿಲ್ಲ. ಕರಾರಿನಿಂದ ಕೀ ಕೊಡುವವರೆಗೆ ಮನೆಯನ್ನು ಜವಾಬ್ದಾರಿಯಿಂದ ನೋಡಿಕೊಳ್ಳಬೇಕಾದ್ದು ಮಾರುವವರೇ ಅಂತ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಹೇಳುತ್ತದೆ. ಅಷ್ಟರಲ್ಲಿ ಮೋಟರ್ ಸುಟ್ಟರೆ ರಿಪೇರಿ ಯಾರದು ಅಂತ ಕರಾರಿನಲ್ಲೇ ಬರೆಸಿದ್ದರೆ ಮಾತು ಚಿಕ್ಕದಾಗುತ್ತದೆ.

ಆಷಾಢ ಹತ್ತಿರ ಇದ್ದರೆ ಕೀ ದಿನವನ್ನು ಮೊದಲೇ ನಿಗದಿ ಮಾಡಿ. ಅವರೂ ಆಷಾಢದಲ್ಲಿ ಮನೆ ಬದಲಾಯಿಸಲು ಒಪ್ಪುವುದಿಲ್ಲ, ನೀವೂ ಹಾಲು ಉಕ್ಕಿಸುವುದಿಲ್ಲ. ಒಂದು ತಿಂಗಳು ಎಳೆದಷ್ಟೂ ಪಟ್ಟಿ ಮಸುಕಾಗುತ್ತದೆ.

ಕೀ ದಿನ ಪ್ರತಿ ವಸ್ತುವನ್ನೂ ಹಾಕಿ ನೋಡಿ: ಫ್ಯಾನು ತಿರುಗುತ್ತಾ, ಮೋಟರ್ ನೀರೆತ್ತುತ್ತಾ, ಮೇನ್ ಆಫ್ ಮಾಡಿದರೆ ಇನ್ವರ್ಟರ್ ಹಿಡಿಯುತ್ತಾ. ವಾರ್ಡ್‌ರೋಬ್, ಗೇಟು, ಮಹಡಿ ಬಾಗಿಲು, ಮೀಟರ್ ಬಾಕ್ಸ್ ಎಲ್ಲದರ ಬೀಗದ ಕೈ ಎಣಿಸಿಕೊಳ್ಳಿ. ಬಿಲ್ಲು, ಗ್ಯಾರಂಟಿ ಕಾರ್ಡು ಒಂದು ಕವರಿನಲ್ಲಿ ಕೇಳಿ ಪಡೆಯಿರಿ. ಸಿಸಿ ಕ್ಯಾಮೆರಾ ಉಳಿಸಿದ್ದರೆ ಅದರ ಪಾಸ್‌ವರ್ಡ್ ಅಲ್ಲೇ ಬದಲಾಯಿಸಿಕೊಳ್ಳಿ, ಅವರ ಫೋನಿನಿಂದ ಆ್ಯಪ್ ತೆಗೆಸಿ. ಮನೆಯೊಳಗಿನ ದೃಶ್ಯ ಇನ್ನೊಬ್ಬರ ಫೋನಿನಲ್ಲಿ ಇರುವುದು ಅವರಿಗೂ ಮುಜುಗರ, ನಿಮಗೂ ಅಪಾಯ. ಮುಂಬಾಗಿಲಿನ ಬೀಗ ಮಾತ್ರ ಅದೇ ವಾರ ಹೊಸದು ಹಾಕಿಸಿ.

ಕಣ್ಣಿಗೆ ಕಾಣದ ಒಂದೆರಡು

ಬೆಸ್ಕಾಂ ಮೀಟರಿಗೆ ಮಾರುವವರು ಕಟ್ಟಿದ ಭದ್ರತಾ ಠೇವಣಿ ಇರುತ್ತದೆ. ಆರ್‌ಆರ್ ನಂಬರ್ (ಕರೆಂಟ್ ಕನೆಕ್ಷನ್ ನಂಬರ್) ನಿಮ್ಮ ಹೆಸರಿಗೆ ಬದಲಾಗುವಾಗ ಆ ಠೇವಣಿಯನ್ನು ನಿಮಗೆ ಬಿಡುತ್ತಾರಾ, ಅದರ ದುಡ್ಡನ್ನು ನೀವು ಅವರಿಗೆ ಕೊಡುತ್ತೀರಾ? ಪಟ್ಟಿಯ ಕೊನೆಗೆ ಒಂದು ಸಾಲು ಬರೆಸಿ. ಅವರು ಗೃಹಜ್ಯೋತಿ ಪಡೆಯುತ್ತಿದ್ದರೆ ಆ ನಂಬರಿಗೆ ಅವರ ಆಧಾರ್ ಜೋಡಿಸಿರುತ್ತದೆ. ಸೇವಾಸಿಂಧುವಿನಲ್ಲಿ ಅದನ್ನು ಡಿ-ಲಿಂಕ್ ಮಾಡಿಸಿದರೆ ಅವರಿಗೆ ಹೊಸ ಮನೆಯಲ್ಲಿ ಗೃಹಜ್ಯೋತಿ ಪಡೆಯಲು ದಾರಿ ಆಗುತ್ತದೆ, ನಿಮಗೂ ಇಲ್ಲಿ ಅರ್ಜಿ ಹಾಕಲು ಆಗುತ್ತದೆ. ಇಬ್ಬರಿಗೂ ಬೇಕಾದ ಕೆಲಸ ಇದು, ಹಾಗಾಗಿ ಬೇಗ ಆಗುತ್ತದೆ. ಕೊನೆಯ ಕರೆಂಟ್ ಬಿಲ್ಲು, ನೀರಿನ ಬಿಲ್ಲು, ಕಂದಾಯ ಕಟ್ಟಿದ ರಸೀದಿಗಳು ಕೈಗೆ ಬಂದ ಮೇಲೆಯೇ ಸಾಮಾನಿನ ದುಡ್ಡು ಕಳಿಸಿ.

ನಮ್ಮ ಮನೆಯ ಮಹಡಿಯಲ್ಲಿ ಈಗ ಬೇರೆ ಸೋಲಾರ್ ಇದೆ. ಅದರ ಬಿಲ್ಲು, ಗ್ಯಾರಂಟಿ ಕಾರ್ಡು, ಹಾಕಿಸಿದ ತಾರೀಖು ಮೂರನ್ನೂ ಕ್ರಯಪತ್ರದ ಫೈಲಿನಲ್ಲೇ ಇಟ್ಟಿದ್ದೇವೆ. ಮುಂದೆ ಈ ಮನೆಯನ್ನು ಕೇಳಿಕೊಂಡು ಬರುವವರಿಗೆ ಮೊದಲು ತೋರಿಸುವುದು ಅದನ್ನೇ.